ಆಡಿಟ್ಟೋ ಟ್ಯಾಕ್ಸೋ? ಅರ್ಜಿಯ ಎರಡು ಚೌಕಗಳ ಹಿಂದೆ ಇರುವುದೇನು

ಅಕೌಂಟಿಂಗ್ ಓದುವವರಿಗೆ ಈ ಪ್ರಶ್ನೆ ಕೊನೆಯ ವರ್ಷದವರೆಗೂ ತಲೆಗೆ ಬರುವುದಿಲ್ಲ. ಆಮೇಲೆ ಒಂದು ದಿನ ತರಬೇತಿಯ ಅರ್ಜಿ ಕೈಗೆ ಬರುತ್ತದೆ. ಹೆಸರು, ಅಂಕ, ಫೋನ್ ನಂಬರು ಎಲ್ಲ ತುಂಬಿ ಮುಗಿಯಿತು ಅಂದುಕೊಳ್ಳುವಾಗ ಕೆಳಗೆ ಎರಡು ಪುಟ್ಟ ಚೌಕಗಳು ಕಾಣುತ್ತವೆ. ಒಂದು ಆಡಿಟ್, ಇನ್ನೊಂದು ಟ್ಯಾಕ್ಸ್. ಒಂದಕ್ಕೆ ಮಾತ್ರ ಟಿಕ್ ಹಾಕಬೇಕು.

ಕಾಲೇಜಿನಲ್ಲಿ ಇವೆರಡೂ ಒಂದೊಂದು ಪೇಪರ್, ಅಷ್ಟೇ. ಅಂಕ ಜಾಸ್ತಿ ಬಂದ ಕಡೆ ಟಿಕ್ ಹಾಕಿ ಕೈತೊಳೆದುಕೊಳ್ಳುವವರು ಬಹಳ. ಇನ್ನು ಕೆಲವರು ಸೀನಿಯರ್‌ಗಳ ಮಾತು ಕೇಳುತ್ತಾರೆ. ಮಾತು ಬಲ್ಲವರಿಗೆ ಆಡಿಟ್, ಪುಸ್ತಕದ ಹುಳಗಳಿಗೆ ಟ್ಯಾಕ್ಸ್ ಅನ್ನುವುದು ಆ ಮಾತಿನ ಸಾರ. ಅದನ್ನು ನಂಬಿ ಬಂದ ಮಾತುಗಾರರು ಎಷ್ಟೋ ದಿನ ಬ್ಯಾಂಕ್ ಸ್ಟೇಟ್‌ಮೆಂಟಿಗೂ ಲೆಡ್ಜರಿಗೂ ತಾಳೆ ಹಾಕುತ್ತಾ ಬಾಯಿಮುಚ್ಚಿ ಕೂರಬೇಕಾಗುತ್ತದೆ. ಪುಸ್ತಕದ ಹುಳಗಳು ತೆರಿಗೆ ಅಧಿಕಾರಿಯ ಎದುರು ನಿಂತು ಗಂಟೆಗಟ್ಟಲೆ ವಾದಿಸಬೇಕಾಗುತ್ತದೆ. ಹಾಗಾಗಿ ಕೆಲಸ ಏನು ಅನ್ನುವುದರಿಂದಲೇ ಶುರುಮಾಡೋಣ.

ಎರಡು ಕೆಲಸ, ಎರಡು ಪ್ರಶ್ನೆ

ಒಂದು ಕಂಪನಿ ವರ್ಷದ ಕೊನೆಗೆ ತನ್ನ ಲೆಕ್ಕವನ್ನು ತಾನೇ ಬರೆಯುತ್ತದೆ. ಇಷ್ಟು ಮಾರಿದೆವು, ಇಷ್ಟು ಖರ್ಚಾಯಿತು, ಇಷ್ಟು ಲಾಭ ಉಳಿಯಿತು, ನಮ್ಮ ಹತ್ತಿರ ಇಷ್ಟು ಆಸ್ತಿ ಇದೆ, ಇಷ್ಟು ಸಾಲ ಇದೆ. ತನ್ನ ಪರೀಕ್ಷೆಗೆ ತಾನೇ ಅಂಕ ಹಾಕಿಕೊಂಡ ಹಾಗೆ. ಷೇರು ಕೊಂಡವರು, ಸಾಲ ಕೊಟ್ಟ ಬ್ಯಾಂಕಿನವರು ಅದನ್ನು ಸುಮ್ನೆ ನಂಬುತ್ತಾರಾ? ಇಲ್ಲ. ಹೊರಗಿನವರೊಬ್ಬರು ಬಂದು, ನೋಡಿ, ಸಹಿ ಹಾಕಬೇಕು. ಅದು ಆಡಿಟ್. ಆಡಿಟರ್ ಕೇಳುವುದು ಇಷ್ಟೇ: ಬರೆದಿರುವುದು ನಿಜವಾ?

ಟ್ಯಾಕ್ಸ್‌ನವರ ಪ್ರಶ್ನೆ ಅಲ್ಲಿಂದ ಮುಂದಿನದು. ನಡೆದದ್ದು ಇದು ಅಂತ ಇಟ್ಟುಕೊಳ್ಳೋಣ. ಹಾಗಾದರೆ ಕಾನೂನಿನ ಪ್ರಕಾರ ಸರ್ಕಾರಕ್ಕೆ ಕೊಡಬೇಕಾದದ್ದು ಎಷ್ಟು, ಯಾವಾಗ? ಈ ಕೆಲಸದಲ್ಲಿ ಎರಡು ಭಾಗಗಳಿವೆ. ಲೆಕ್ಕ ಹಾಕಿ ಹೊತ್ತಿಗೆ ಸರಿಯಾಗಿ ರಿಟರ್ನ್ ಸಲ್ಲಿಸುವುದು ಒಂದು. ಮುಂದೆ ಮಾಡಬೇಕೆಂದಿರುವ ವ್ಯವಹಾರಕ್ಕೆ ಎಷ್ಟು ತೆರಿಗೆ ಬೀಳುತ್ತದೆ ಎಂದು ಮೊದಲೇ ಸಲಹೆ ಕೊಡುವುದು ಇನ್ನೊಂದು. ಹೊಸಬರ ಪಾಲಿಗೆ ಬರುವುದು ಹೆಚ್ಚಾಗಿ ಮೊದಲನೆಯದೇ.

ಒಂದೇ ಯಂತ್ರ, ಎರಡು ನೋಟ

ಕಂಪನಿಯೊಂದು 10 ಲಕ್ಷಕ್ಕೆ ಒಂದು ಯಂತ್ರ ಕೊಂಡಿತು ಅಂದುಕೊಳ್ಳಿ. ಅದು 5 ವರ್ಷ ಬಾಳುತ್ತದೆ. ಲೆಕ್ಕದ ಪುಸ್ತಕದಲ್ಲಿ ವರ್ಷಕ್ಕೆ 2 ಲಕ್ಷದಂತೆ ಸವಕಳಿ, ಅಂದರೆ ಯಂತ್ರ ಸವೆದದ್ದಕ್ಕೆ ಖರ್ಚು, ಬರೆಯುತ್ತಾರೆ.

ಆಡಿಟರ್ ಮೊದಲು ಬಿಲ್ ಕೇಳುತ್ತಾರೆ. ಆಮೇಲೆ ಯಂತ್ರ ಎಲ್ಲಿದೆ, ತೋರಿಸಿ ಅನ್ನುತ್ತಾರೆ. ಬಿಲ್ ಯಾರ ಹೆಸರಿನಲ್ಲಿದೆ, ಯಂತ್ರ ಬಂದದ್ದು ಈ ವರ್ಷವೋ ಮುಂದಿನ ವರ್ಷದ ಮೊದಲ ವಾರವೋ, 5 ವರ್ಷ ಬಾಳುತ್ತದೆ ಅಂದಿರಲ್ಲ ಅದಕ್ಕೆ ಆಧಾರವೇನು? ಇದೇ ಥರದ ಯಂತ್ರವನ್ನು ನೀವು 3 ವರ್ಷಕ್ಕೇ ಗುಜರಿಗೆ ಹಾಕಿದ್ದೀರಲ್ಲ? ಈ ಕೊನೆಯ ಪ್ರಶ್ನೆ ಕೇಳಲು ತೋಚಿದವರು ಒಳ್ಳೆಯ ಆಡಿಟರ್ ಆಗುತ್ತಾರೆ.

ಟ್ಯಾಕ್ಸ್‌ನವರು ತೆರಿಗೆ ಕಾಯಿದೆ ತೆರೆಯುತ್ತಾರೆ. ಯಂತ್ರ ಕೊಳ್ಳುವವರನ್ನು ಉತ್ತೇಜಿಸಲು ಸರ್ಕಾರ ಇಂಥ ಯಂತ್ರದ ಪೂರ್ತಿ ಬೆಲೆಯನ್ನು 2 ವರ್ಷದಲ್ಲೇ ಕಳೆದುಕೊಳ್ಳಲು ಬಿಟ್ಟಿದೆ ಅಂತಿಟ್ಟುಕೊಳ್ಳಿ. ಅಂದರೆ ವರ್ಷಕ್ಕೆ 5 ಲಕ್ಷ. ಸವಕಳಿಗೆ ಮುಂಚಿನ ಲಾಭ 20 ಲಕ್ಷ, ತೆರಿಗೆ ದರ ಶೇ 25. ಪುಸ್ತಕದ ಪ್ರಕಾರ ಲಾಭ 18 ಲಕ್ಷ, ಅದಕ್ಕೆ ತೆರಿಗೆ 4.5 ಲಕ್ಷ. ಕಾನೂನಿನ ಪ್ರಕಾರ ಲಾಭ 15 ಲಕ್ಷ, ಈ ವರ್ಷ ಕಟ್ಟಬೇಕಾದ ತೆರಿಗೆ 3.75 ಲಕ್ಷ. ನಡುವಿನ 75,000 ಎಲ್ಲಿ ಹೋಯಿತು?

ಎಲ್ಲೂ ಹೋಗಿಲ್ಲ, ಮುಂದಕ್ಕೆ ಹೋಗಿದೆ. ಎರಡನೇ ವರ್ಷವೂ ಹೀಗೇ ಆಗಿ ಒಟ್ಟು 1.5 ಲಕ್ಷ ಆಗುತ್ತದೆ. ಮೂರನೇ ವರ್ಷದಿಂದ ತೆರಿಗೆಯಲ್ಲಿ ಕಳೆಯಲು ಏನೂ ಉಳಿದಿರುವುದಿಲ್ಲ, ಪುಸ್ತಕದಲ್ಲಿ ಮಾತ್ರ 2 ಲಕ್ಷದ ಸವಕಳಿ ನಡೆಯುತ್ತಲೇ ಇರುತ್ತದೆ. ಹಾಗಾಗಿ ವರ್ಷಕ್ಕೆ 50,000ದಂತೆ ತೀರುತ್ತಾ ಐದನೇ ವರ್ಷದ ಕೊನೆಗೆ ಬಾಕಿ ಸೊನ್ನೆ. ಪರೀಕ್ಷೆಯಲ್ಲಿ ಎಲ್ಲರನ್ನೂ ಕಾಡುವ ಡಿಫರ್ಡ್ ಟ್ಯಾಕ್ಸ್ ಅಂದರೆ ಇದೇ. ಇದನ್ನು ಲೆಕ್ಕ ಹಾಕಿಕೊಡುವವರು ಟ್ಯಾಕ್ಸ್‌ನವರು, ಹಾಕಿದ್ದು ಸರಿಯಾ ಅಂತ ನೋಡುವವರು ಆಡಿಟರ್. ಇಬ್ಬರೂ ಒಂದೇ ಹಾಳೆಯ ಮೇಲೆ ತಲೆಬಾಗಿಸಿ ಕೂರುವ ಜಾಗ ಇದು.

ಗೋದಾಮಿಗೆ ಯಾಕೆ ಹೋಗಬೇಕು?

ಆಡಿಟ್ ಸೇರಿದವರಿಗೆ ಮೊದಲ ವರ್ಷ ಸಿಗುವ ಕೆಲಸಗಳಲ್ಲಿ ಸ್ಟಾಕ್ ಎಣಿಕೆ ಒಂದು. ಇಷ್ಟೆಲ್ಲ ಓದಿ ಪೆಟ್ಟಿಗೆ ಎಣಿಸಬೇಕಾ ಅಂತ ಮುಖ ಸಿಂಡರಿಸುವವರಿದ್ದಾರೆ. ಆದರೆ ಈ ಎಣಿಕೆಯ ಹಿಂದೆ ದೊಡ್ಡ ಕಥೆಯಿದೆ.

1896ರಲ್ಲಿ ಇಂಗ್ಲೆಂಡಿನ ಕಿಂಗ್‌ಸ್ಟನ್ ಕಾಟನ್ ಮಿಲ್ ಎಂಬ ಹತ್ತಿ ಗಿರಣಿಯ ಮೊಕದ್ದಮೆ ಕೋರ್ಟಿಗೆ ಬಂತು. ಗಿರಣಿಯ ಮ್ಯಾನೇಜರ್ ವರ್ಷಗಟ್ಟಲೆ ದಾಸ್ತಾನನ್ನು ಹೆಚ್ಚಿಸಿ ತೋರಿಸಿದ್ದ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಆಡಿಟರ್‌ಗಳು ಅವನು ಬರೆದುಕೊಟ್ಟ ಪ್ರಮಾಣಪತ್ರವನ್ನು ನಂಬಿ ಸಹಿ ಹಾಕಿದ್ದರು. ಅದು ಅವರ ತಪ್ಪಾ? ಅಲ್ಲ ಅಂದಿತು ಕೋರ್ಟು. ಆಡಿಟರ್ ಕಾವಲು ನಾಯಿಯೇ ಹೊರತು ಬೇಟೆನಾಯಿ ಅಲ್ಲ ಎಂದು ನ್ಯಾಯಮೂರ್ತಿ ಲೋಪ್ಸ್ ಬರೆದರು. ಅನುಮಾನ ಹುಟ್ಟಿಸುವಂಥದ್ದು ಏನೂ ಕಾಣದಿದ್ದಾಗ, ಕಂಪನಿಯ ನಂಬಿಕಸ್ಥ ನೌಕರನ ಮಾತನ್ನು ಆಡಿಟರ್ ನಂಬಬಹುದು ಅನ್ನುವುದು ಆಗಿನ ನಿಲುವು.

ಆ ನಂಬಿಕೆಗೆ ದೊಡ್ಡ ಪೆಟ್ಟು ಬಿದ್ದದ್ದು 1938ರಲ್ಲಿ, ಅಮೆರಿಕದ ಮೆಕೆಸನ್ ಅಂಡ್ ರಾಬಿನ್ಸ್ ಎಂಬ ಔಷಧ ಕಂಪನಿಯಿಂದ. ಪುಸ್ತಕದಲ್ಲಿ 8.7 ಕೋಟಿ ಡಾಲರ್ ಆಸ್ತಿ ಇತ್ತು. ಅದರಲ್ಲಿ ಸುಮಾರು 1.9 ಕೋಟಿ ಬರೀ ಕಾಗದ. ಕೆನಡಾದ ಗೋದಾಮುಗಳಲ್ಲಿ ಇದೆ ಅಂದ ಸರಕು ಇರಲೇ ಇಲ್ಲ. ಬಾಕಿ ಕೊಡಬೇಕಾದ ಗಿರಾಕಿಗಳೂ ಇರಲಿಲ್ಲ. ಕಂಪನಿಯ ಮುಖ್ಯಸ್ಥನ ಹೆಸರೇ ಸುಳ್ಳು! ಕಾಗದಪತ್ರ ಮಾತ್ರ ಒಂದಕ್ಕೊಂದು ಚೆನ್ನಾಗಿ ತಾಳೆಯಾಗುತ್ತಿತ್ತು. ಮರುವರ್ಷವೇ ಅಮೆರಿಕದ ಆಡಿಟರ್‌ಗಳ ಸಂಸ್ಥೆ ನಿಯಮ ಬದಲಿಸಿತು. ಸ್ಟಾಕ್ ಎಣಿಸುವಾಗ ಆಡಿಟರ್ ಅಲ್ಲೇ ಇರಬೇಕು, ಬಾಕಿಯನ್ನು ಗಿರಾಕಿಗೇ ಬರೆದು ಕೇಳಿ ಖಚಿತಪಡಿಸಿಕೊಳ್ಳಬೇಕು ಎಂದಾಯಿತು.

ಬ್ಯಾಂಕಿಗೂ ಇದೇ ಮಾತು. 2020ರ ಜೂನ್‌ನಲ್ಲಿ ಜರ್ಮನಿಯ ವೈರ್‌ಕಾರ್ಡ್ ಕಂಪನಿಯ ಲೆಕ್ಕಕ್ಕೆ ಆಡಿಟರ್ ಸಹಿ ಹಾಕಲು ಒಪ್ಪಲಿಲ್ಲ. ಫಿಲಿಪೀನ್ಸಿನ ಎರಡು ಬ್ಯಾಂಕುಗಳಲ್ಲಿ ಇದೆ ಅಂದಿದ್ದ 190 ಕೋಟಿ ಯೂರೊ ಅಲ್ಲಿರಲೇ ಇಲ್ಲ. ಕೆಲವೇ ದಿನಗಳಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಬ್ಯಾಂಕಿನ ದೃಢೀಕರಣ ಪತ್ರ ಕ್ಲೈಂಟ್ ಕೈ ದಾಟಿ ಬರಬಾರದು, ನೇರ ಬ್ಯಾಂಕಿನಿಂದಲೇ ಬರಬೇಕು ಅಂತ ಸೀನಿಯರ್‌ಗಳು ಬಡಿದುಕೊಳ್ಳುವುದು ಇದಕ್ಕೇ.

ಎಣಿಕೆಯಲ್ಲೂ ಒಂದು ಜಾಣ್ಮೆಯಿದೆ. ಪಟ್ಟಿಯಲ್ಲಿರುವುದನ್ನು ಆರಿಸಿ ನೆಲದ ಮೇಲೆ ಹುಡುಕಿದರೆ, ಇಲ್ಲದ್ದನ್ನು ಇದೆ ಅಂತ ಬರೆದಿದ್ದಾರಾ ಗೊತ್ತಾಗುತ್ತದೆ. ನೆಲದ ಮೇಲಿರುವುದನ್ನು ಆರಿಸಿ ಪಟ್ಟಿಯಲ್ಲಿ ಹುಡುಕಿದರೆ, ಇದ್ದದ್ದನ್ನು ಬಿಟ್ಟಿದ್ದಾರಾ ಗೊತ್ತಾಗುತ್ತದೆ. ಎರಡೂ ಬೇಕು. ಹೂಡಿಕೆದಾರರನ್ನು ಮೆಚ್ಚಿಸಲು ಸ್ಟಾಕ್ ಹಿಗ್ಗಿಸುವವರು ಇರುವ ಹಾಗೆ, ಲಾಭ ಇಳಿಸಿ ತೆರಿಗೆ ಉಳಿಸಲು ಕುಗ್ಗಿಸುವವರೂ ಇರುತ್ತಾರೆ.

ಮೊದಲ ಸಲ ಎಣಿಸಲು ಹೋದಾಗ ನಾನು ಮಾಡಿದ್ದು ಹೇಳುತ್ತೇನೆ. ಆಳೆತ್ತರದ ಅಟ್ಟಿ. ಉದ್ದ ಎಷ್ಟು, ಅಗಲ ಎಷ್ಟು, ಎತ್ತರ ಎಷ್ಟು ಅಂತ ಹೊರಗಿನಿಂದ ಎಣಿಸಿ, ಗುಣಿಸಿ, ಬರೆದುಕೊಂಡೆ. ಸೀನಿಯರ್ ಮಾತಾಡದೆ ಒಂದು ಏಣಿ ತರಿಸಿ ಹತ್ತಿಸಿದರು. ಮೇಲಿನಿಂದ ನೋಡಿದರೆ ಅಟ್ಟಿಯ ನಡುವೆ ಬಾವಿಯಂಥ ಟೊಳ್ಳು. ಮೋಸವೇನಲ್ಲ, ಬೆಳಿಗ್ಗೆ ಲಾರಿಗೆ ತುಂಬುವಾಗ ಆಳುಗಳು ಮೇಲೆ ಹತ್ತಿ ನಡುವಿನಿಂದ ತೆಗೆದಿದ್ದರಂತೆ. ಆದರೆ ನನ್ನ ಹಾಳೆಯಲ್ಲಿ ಇಲ್ಲದ 40 ಪೆಟ್ಟಿಗೆಗಳಿದ್ದವು.

ಕೇಕೋ ಬಿಸ್ಕತ್ತೋ?

ಟ್ಯಾಕ್ಸ್‌ನಲ್ಲಿ ಇಂಥ ಏಣಿ ಹತ್ತುವ ಪ್ರಸಂಗ ಕಡಿಮೆ. ಅಲ್ಲಿ ಹತ್ತಬೇಕಾದ್ದು ಪದಗಳನ್ನು. ಬ್ರಿಟನ್ನಿನ 1991ರ ಒಂದು ಪ್ರಕರಣ ನೋಡಿ. ಅಲ್ಲಿ ವ್ಯಾಟ್, ಅಂದರೆ ಮಾರಾಟದ ಮೇಲೆ ಬೀಳುವ ತೆರಿಗೆಯ, ಕಾನೂನಿನ ಪ್ರಕಾರ ಕೇಕಿಗೆ ಸೊನ್ನೆ ದರ. ಚಾಕೊಲೇಟ್ ಲೇಪಿಸಿದ ಬಿಸ್ಕತ್ತಿಗೆ ಪೂರ್ತಿ ದರ. ಜಾಫಾ ಕೇಕ್ ಎಂಬ ತಿನಿಸು ಇದೆ. ಗಾತ್ರ ಬಿಸ್ಕತ್ತಿನದು, ಅಂಗಡಿಯಲ್ಲಿ ಇಡುವುದು ಬಿಸ್ಕತ್ತಿನ ಸಾಲಿನಲ್ಲಿ, ಹೆಸರು ಕೇಕ್. ಹಾಗಾದರೆ ಅದು ಏನು?

ನ್ಯಾಯಮಂಡಳಿ ಒಂದೊಂದಾಗಿ ತೂಗಿತು. ಹೆಸರಿಗೆ ಹೆಚ್ಚು ಬೆಲೆ ಕೊಡಲಿಲ್ಲ. ಹಿಟ್ಟು ಯಾವುದು, ಮೃದುವಾಗಿದೆಯಾ, ಹೇಗೆ ತಿನ್ನುತ್ತಾರೆ ಅಂತೆಲ್ಲ ನೋಡಿತು. ಅದರಲ್ಲಿ ನನಗೆ ಬಲು ಇಷ್ಟವಾದ ಅಂಶ ಇದು: ಹಳತಾದರೆ ಬಿಸ್ಕತ್ತು ಮೆತ್ತಗಾಗುತ್ತದೆ, ಕೇಕ್ ಗಟ್ಟಿಯಾಗುತ್ತದೆ. ಜಾಫಾ ಕೇಕ್ ಗಟ್ಟಿಯಾಗುತ್ತಿತ್ತು. ಕೊನೆಗೆ ಕೇಕ್ ಎಂದೇ ತೀರ್ಮಾನವಾಯಿತು. ಒಂದು ಪದದ ಅರ್ಥದ ಮೇಲೆ ಅಷ್ಟೂ ಮಾರಾಟದ ತೆರಿಗೆ ನಿಂತಿತ್ತು.

ಇದನ್ನು ಓದಿ, ಆಮೇಲೆ ಏನಾಯಿತು, ಅವರು ಇನ್ನೇನು ವಾದಿಸಿದರು ಅಂತ ಕೇಳಬೇಕು ಅನ್ನಿಸಿತಾ? ಟ್ಯಾಕ್ಸ್ ನಿಮಗೆ ಒಗ್ಗಬಹುದು. ಬಿಸ್ಕತ್ತಿಗೆ ಇಷ್ಟೊಂದು ತಲೆಕೆಡಿಸಿಕೊಳ್ಳಬೇಕಾ ಅನ್ನಿಸಿತಾ? ಅದೂ ಗಮನಿಸಬೇಕಾದ ಉತ್ತರವೇ.

ತೆರಿಗೆಯ ಇನ್ನೊಂದು ಸ್ವಭಾವ, ಅದು ನಿಂತ ನೀರಲ್ಲ. ವ್ಯಾಟ್ ಎಂಬ ತೆರಿಗೆ 1954ರಲ್ಲಿ ಫ್ರಾನ್ಸಿನಲ್ಲಿ ಶುರುವಾಗಿ ಈಗ 170ಕ್ಕೂ ಹೆಚ್ಚು ದೇಶಗಳಲ್ಲಿದೆ. 2021ರಲ್ಲಿ 130ಕ್ಕೂ ಹೆಚ್ಚು ದೇಶಗಳು ಕೂತು, ವರ್ಷಕ್ಕೆ 75 ಕೋಟಿ ಯೂರೊಗಿಂತ ಹೆಚ್ಚು ವಹಿವಾಟಿರುವ ಬಹುರಾಷ್ಟ್ರೀಯ ಕಂಪನಿಗಳು ಕನಿಷ್ಠ ಶೇ 15 ತೆರಿಗೆ ಕಟ್ಟಲೇಬೇಕು ಎಂಬ ಒಪ್ಪಂದಕ್ಕೆ ಬಂದವು. ಅಷ್ಟು ಹೊತ್ತಿಗೆ ಕಲಿತು ಮುಗಿಸಿದ್ದವರೆಲ್ಲ ಮತ್ತೆ ಪುಸ್ತಕ ಹಿಡಿದು ಕೂತರು. ಆಡಿಟ್ ನಿಯಮಗಳೂ ಬದಲಾಗುತ್ತವೆ, ಆದರೆ ಸಾಮಾನ್ಯವಾಗಿ ಇಷ್ಟು ಮೇಲಿಂದ ಮೇಲೆ ಅಲ್ಲ.

ಎಷ್ಟು ಸರಿ ಇದ್ದರೆ ಸಾಕು?

ಇದು ಯಾರೂ ಮೊದಲೇ ಹೇಳದ, ಆದರೆ ದಿನನಿತ್ಯ ತಟ್ಟುವ ವ್ಯತ್ಯಾಸ.

ಆಡಿಟರ್ ಎಲ್ಲವನ್ನೂ ನೋಡುವುದಿಲ್ಲ. ಅನ್ನ ಬೆಂದಿದೆಯಾ ಅಂತ ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು ಅನ್ನುತ್ತೇವಲ್ಲ, ಹಾಗೆ ಸ್ಯಾಂಪಲ್ ತೆಗೆದು ನೋಡುತ್ತಾರೆ. ಆದರೆ ಲೆಕ್ಕದ ಪಾತ್ರೆಯಲ್ಲಿ ಎಲ್ಲ ಕಡೆ ಒಂದೇ ಸಮ ಬೆಂದಿರುವುದಿಲ್ಲ. ಹಾಗಾಗಿ ತಪ್ಪಿರುವ ಸಾಧ್ಯತೆ ಜಾಸ್ತಿ ಇರುವ ಕಡೆಯಿಂದ ಹೆಚ್ಚು ಅಗುಳು ತೆಗೆಯಬೇಕು. ಎಲ್ಲಿಂದ ತೆಗೆಯಬೇಕು ಅನ್ನುವುದೇ ಆಡಿಟರ್‌ನ ವಿದ್ಯೆ.

ಸಿಕ್ಕ ತಪ್ಪು ಎಷ್ಟು ದೊಡ್ಡದಿದ್ದರೆ ಗಂಭೀರ? ಅದಕ್ಕೆ ಮೆಟೀರಿಯಾಲಿಟಿ ಎಂಬ ಗೆರೆ ಎಳೆಯುತ್ತಾರೆ. ಓದುಗರ ತೀರ್ಮಾನವನ್ನೇ ಬದಲಿಸಬಲ್ಲ ತಪ್ಪಿನ ಅಳತೆ ಅದು. ತೆರಿಗೆಗೆ ಮುಂಚಿನ ಲಾಭದ ಶೇ 5 ಎಂಬ ಅಂದಾಜಿನಿಂದ ಶುರುಮಾಡುವುದು ಬಳಕೆಯಲ್ಲಿದೆ. ಲಾಭ 2 ಕೋಟಿ ಇದ್ದರೆ ಗೆರೆ 10 ಲಕ್ಷ. ಕೆಲವು ಸಾವಿರದ ತಪ್ಪು ಸಿಕ್ಕರೆ ಸರಿಪಡಿಸಿ ಅನ್ನುತ್ತಾರೆ, ಪಟ್ಟಿಗೆ ಸೇರಿಸುತ್ತಾರೆ, ಮುಂದಕ್ಕೆ ಹೋಗುತ್ತಾರೆ. ಅದೇ ಮೊತ್ತ ಮೇಲಧಿಕಾರಿಯ ಜೇಬಿಗೆ ಹೋಗಿದ್ದರೆ ಮಾತೇ ಬೇರೆ. ಆಗ ಗೆರೆಗಿಂತ ಚಿಕ್ಕದಾದರೂ ಬಿಡುವ ಹಾಗಿಲ್ಲ. ಇಷ್ಟೆಲ್ಲ ಮಾಡಿಯೂ ಆಡಿಟರ್ ಕೊಡುವುದು ಸಮಂಜಸವಾದ ಭರವಸೆಯನ್ನೇ ಹೊರತು ಪೂರ್ತಿ ಗ್ಯಾರಂಟಿಯನ್ನಲ್ಲ.

ರಿಟರ್ನಿಗೆ ಇಂಥ ಗೆರೆಯಿಲ್ಲ. ಮೊತ್ತ ಚಿಕ್ಕದು ಅಂತ ಆದಾಯವೊಂದನ್ನು ಬಿಟ್ಟುಬಿಡಲು ಆಗುವುದಿಲ್ಲ. ಗಡುವು ಒಂದು ದಿನ ತಪ್ಪಿದರೂ ಬಡ್ಡಿಯೋ ದಂಡವೋ ಕ್ಲೈಂಟ್ ತಲೆಗೆ ಬರಬಹುದು. ತಮಾಷೆ ಅಂದರೆ, ಇಷ್ಟು ಕರಾರುವಾಕ್ಕಾದ ಕೆಲಸದ ನಡುವೆಯೇ ಜಾಫಾ ಕೇಕಿನಂಥ ಎರಡರ್ಥದ ಪ್ರಶ್ನೆಗಳು ಕೂತಿರುತ್ತವೆ.

ಎದುರಿನ ಕುರ್ಚಿ, ಪಕ್ಕದ ಕುರ್ಚಿ

ನನ್ನ ಕೇಳಿದರೆ, ಆಯ್ಕೆಯಲ್ಲಿ ಎಲ್ಲಕ್ಕಿಂತ ಹೆಚ್ಚು ತೂಗಬೇಕಾದ್ದು ಇದು. ಕ್ಲೈಂಟ್ ಮೇಜಿನಲ್ಲಿ ನಿಮ್ಮ ಕುರ್ಚಿ ಎಲ್ಲಿದೆ?

ಆಡಿಟರ್‌ಗೆ ಹಣ ಕೊಡುವುದು ಕಂಪನಿ. ಆದರೆ ಅವರು ಉತ್ತರ ಕೊಡಬೇಕಾದ್ದು ಷೇರುದಾರರಿಗೆ. ಹಾಗಾಗಿ ಎದುರಿನ ಕುರ್ಚಿ. ಕಾಫಿ ಕೊಟ್ಟು, ನಗುನಗುತ್ತಾ ಮಾತಾಡಿಸಿದವರನ್ನೇ ಅರ್ಧ ಗಂಟೆಯ ನಂತರ ಇದಕ್ಕೆ ದಾಖಲೆ ತೋರಿಸಿ ಅನ್ನಬೇಕು. ನಿಮಗಿಂತ 20 ವರ್ಷ ದೊಡ್ಡವರಾದ ಅಕೌಂಟೆಂಟ್ ಮೂಗು ಮುರಿದರೂ ಇನ್ನೊಮ್ಮೆ ಕೇಳಬೇಕು. ಕೆಲವರಿಗೆ ಇದು ಒಂದೆರಡು ತಿಂಗಳಲ್ಲಿ ರೂಢಿಯಾಗುತ್ತದೆ. ಕೆಲವರಿಗೆ ಹತ್ತು ವರ್ಷವಾದರೂ ಹೊಟ್ಟೆಯಲ್ಲಿ ಸಂಕಟ.

ಟ್ಯಾಕ್ಸ್ ಸಲಹೆಗಾರರದು ಪಕ್ಕದ ಕುರ್ಚಿ. ಕಾನೂನಿನ ಒಳಗೆ ನಿಂತು ಕ್ಲೈಂಟ್ ಪರ ಯೋಚಿಸುವುದು ಅವರ ಕೆಲಸ. 1935ರಲ್ಲಿ ಬ್ರಿಟನ್ನಿನ ವೆಸ್ಟ್‌ಮಿನ್‌ಸ್ಟರ್ ಡ್ಯೂಕ್ ತನ್ನ ತೋಟದವನಿಗೆ ಸಂಬಳದ ಬದಲು ಕರಾರುಪತ್ರ ಬರೆದುಕೊಟ್ಟು ಹಣ ಕೊಡುತ್ತಿದ್ದ ಪ್ರಕರಣ ತೀರ್ಮಾನವಾಯಿತು. ಹಾಗೆ ಮಾಡಿದರೆ ತೆರಿಗೆ ಕಡಿಮೆ ಬೀಳುತ್ತಿತ್ತು. ಕಾನೂನು ಬಿಟ್ಟಿರುವಷ್ಟು ಮಟ್ಟಿಗೆ ತೆರಿಗೆ ಕಡಿಮೆಯಾಗುವಂತೆ ವ್ಯವಹಾರ ಜೋಡಿಸಿಕೊಳ್ಳಲು ಯಾರಿಗಾದರೂ ಹಕ್ಕಿದೆ ಅಂದಿತು ಕೋರ್ಟು. 1981ರ ರಾಮ್ಸೆ ಪ್ರಕರಣದಲ್ಲಿ ಅದೇ ಕೋರ್ಟು ಬೇಲಿ ಹಾಕಿತು: ತೆರಿಗೆ ತಪ್ಪಿಸುವುದು ಬಿಟ್ಟು ಬೇರೆ ಉದ್ದೇಶವೇ ಇಲ್ಲದ, ಮೊದಲೇ ಹೆಣೆದಿಟ್ಟ ವ್ಯವಹಾರಗಳ ಸರಪಳಿಯನ್ನು ಬಿಡಿಬಿಡಿಯಾಗಿ ನೋಡುವುದಿಲ್ಲ, ಒಟ್ಟಿಗೆ ನೋಡುತ್ತೇವೆ ಎಂದು. ಈ ಎರಡು ತೀರ್ಪುಗಳ ನಡುವಿನ ಜಾಗವೇ ತೆರಿಗೆ ಸಲಹೆಯ ಅಂಗಳ. ಇಲ್ಲಿ ಬರುವ ಸಂಕಟ ಬೇರೆ ಥರದ್ದು. ಹಣ ಕೊಡುವ ಕ್ಲೈಂಟ್‌ಗೆ ಇದು ಆಗುವುದಿಲ್ಲ ಅನ್ನುವುದು.

ಎರಡೂ ಕುರ್ಚಿಯಲ್ಲಿ ಒಬ್ಬರೇ ಕೂತರೆ? ತಾವೇ ಕೊಟ್ಟ ಸಲಹೆಗೆ ತಾವೇ ಸಹಿ ಹಾಕಿದಂತಾಗುತ್ತದೆ. 2001ರಲ್ಲಿ ಅಮೆರಿಕದ ಇಂಧನ ಕಂಪನಿ ಎನ್‌ರಾನ್ ಲೆಕ್ಕದ ಮೋಸ ಬಯಲಾಗಿ ಕುಸಿದ ಮೇಲೆ, 2002ರಲ್ಲಿ ಅಮೆರಿಕ ಸಾರ್ಬೇನ್ಸ್ ಆಕ್ಸ್‌ಲಿ ಕಾಯಿದೆ ತಂದು ಆಡಿಟರ್‌ಗಳು ಅದೇ ಕಂಪನಿಗೆ ಮಾರುತ್ತಿದ್ದ ಹಲವು ಸೇವೆಗಳನ್ನು ನಿಲ್ಲಿಸಿತು. ತೆರಿಗೆ ಸೇವೆಗೆ ಕಂಪನಿಯ ಆಡಿಟ್ ಸಮಿತಿ ಮುಂಚಿತವಾಗಿ ಒಪ್ಪಬೇಕು. ಆಡಿಟ್ ಸಂಸ್ಥೆಯಲ್ಲಿ ಆ ಕೆಲಸದ ಹೊಣೆ ಹೊತ್ತ ಮುಖ್ಯ ಪಾಲುದಾರ 5 ವರ್ಷಕ್ಕೆ ಬದಲಾಗಬೇಕು. ಇದರ ಬಿಸಿ ಮನೆಗೂ ತಟ್ಟುತ್ತದೆ. ನೀವು ಆಡಿಟ್ ಮಾಡುವ ಕಂಪನಿಯ ಷೇರು ನಿಮ್ಮ ಹತ್ತಿರ ಇರಬಾರದು, ಗಂಡನ ಅಥವಾ ಹೆಂಡತಿಯ ಹೆಸರಿನಲ್ಲೂ ಇರಬಾರದು.

ವರ್ಷ ಹೇಗೆ ಕಳೆಯುತ್ತದೆ?

ಕ್ಲೈಂಟ್‌ಗಳ ಲೆಕ್ಕದ ವರ್ಷ ಮುಗಿದ ಮೇಲಿನ ಕೆಲವು ತಿಂಗಳು ಆಡಿಟ್‌ನವರಿಗೆ ನಿದ್ದೆ ಕಡಿಮೆ. ತಂಡ ಕಟ್ಟಿಕೊಂಡು ಕ್ಲೈಂಟ್ ಕಚೇರಿಗೆ ಹೋಗುವುದು, ಅವರು ಕೊಟ್ಟ ಒಂದು ಕೋಣೆಯಲ್ಲಿ ಲ್ಯಾಪ್‌ಟಾಪ್ ಹರಡಿಕೊಂಡು ಕೂರುವುದು, ನೋಡಿದ್ದನ್ನೆಲ್ಲ ವರ್ಕಿಂಗ್ ಪೇಪರಿನಲ್ಲಿ ಬರೆಯುವುದು. ಬರೆಯದಿದ್ದರೆ ಮಾಡೇ ಇಲ್ಲ ಎಂದೇ ಲೆಕ್ಕ. ಒಂದೆರಡು ವರ್ಷದಲ್ಲಿ ಹತ್ತಾರು ಬಗೆಯ ವ್ಯಾಪಾರ ಒಳಗಿನಿಂದ ಕಾಣುತ್ತದೆ. ಇದು ದೊಡ್ಡ ಲಾಭ.

ಟ್ಯಾಕ್ಸ್‌ನವರಿಗೆ ರಿಟರ್ನ್ ಗಡುವಿನ ಮುಂಚಿನ ವಾರಗಳು ಬಿಸಿ. ಉಳಿದಂತೆ ನೋಟಿಸುಗಳಿಗೆ ಉತ್ತರ, ಅಪೀಲು, ಸಲಹೆ. ನೋಟಿಸ್ ಬರಲು ಸೀಸನ್ ಇಲ್ಲ. ತಂಡ ಚಿಕ್ಕದು, ಓದು ಜಾಸ್ತಿ. ಬರೆಯುವ ಕೈ ಚೆನ್ನಾಗಿದ್ದರೆ ಬೇಗ ಗುರುತಿಸುತ್ತಾರೆ.

ಸಾಫ್ಟ್‌ವೇರ್ ಇದನ್ನೆಲ್ಲ ನುಂಗಿಹಾಕುತ್ತದಾ ಅಂತ ಈಗ ಎಲ್ಲರೂ ಕೇಳುತ್ತಾರೆ. ಅಂಕಿ ತುಂಬುವುದು, ತಾಳೆ ನೋಡುವುದು ಎರಡೂ ಕಡೆ ಕಡಿಮೆಯಾಗುತ್ತಿದೆ. ಮ್ಯಾನೇಜರ್ ಹೇಳಿದ್ದನ್ನು ನಂಬಬೇಕಾ, ಈ ಕಲಮು ನಮಗೆ ಅನ್ವಯಿಸುತ್ತದಾ ಅನ್ನುವ ತೀರ್ಮಾನ ಇನ್ನೂ ಮನುಷ್ಯರ ಸಹಿಯ ಮೇಲೇ ನಿಂತಿದೆ.

ತಪ್ಪು ಚೌಕಕ್ಕೆ ಟಿಕ್ ಹಾಕಿದರೆ?

ಪ್ರಪಂಚ ಮುಳುಗುವುದಿಲ್ಲ. ಮೊದಲ ಎರಡು ಮೂರು ವರ್ಷದಲ್ಲಿ ಆ ಕಡೆ ಈ ಕಡೆ ಹೋಗುವವರಿದ್ದಾರೆ. ಆಮೇಲೆ ಕಷ್ಟವಾಗುತ್ತಾ ಹೋಗುತ್ತದೆ, ಯಾಕೆಂದರೆ ಸಂಬಳ ಏರಿರುತ್ತದೆ, ಹೊಸ ಕಡೆ ಮತ್ತೆ ಜೂನಿಯರ್ ಆಗಬೇಕು. ಆಡಿಟ್ ಮಾಡಿದವರು ಕಂಪನಿಗಳ ಹಣಕಾಸು ವಿಭಾಗಕ್ಕೆ, ಆಂತರಿಕ ಆಡಿಟ್‌ಗೆ, ವಂಚನೆ ತನಿಖೆಗೆ ಹೋಗುವುದು ಸಾಮಾನ್ಯ. ಟ್ಯಾಕ್ಸ್‌ನವರ ದಾರಿ ಇಷ್ಟು ಅಗಲ ಇಲ್ಲ. ಕಂಪನಿಗಳ ತೆರಿಗೆ ವಿಭಾಗ, ಟ್ರಾನ್ಸ್‌ಫರ್ ಪ್ರೈಸಿಂಗ್ (ಒಂದೇ ಗುಂಪಿನ ಕಂಪನಿಗಳು ಒಂದಕ್ಕೊಂದು ಮಾರುವಾಗ ಹಾಕುವ ಬೆಲೆಯ ಲೆಕ್ಕ), ತೆರಿಗೆ ಮೊಕದ್ದಮೆಗಳು. ಆದರೆ ಸ್ವಂತ ಕಚೇರಿ ತೆರೆಯಬೇಕು ಅನ್ನುವವರಿಗೆ ಟ್ಯಾಕ್ಸ್ ಕೈಹಿಡಿಯುತ್ತದೆ. ಚಿಕ್ಕ ವ್ಯಾಪಾರಿಗೆ ಆಡಿಟ್ ಕಡ್ಡಾಯ ಇಲ್ಲದಿರಬಹುದು, ತೆರಿಗೆಯಿಂದ ತಪ್ಪಿಸಿಕೊಳ್ಳುವುದು ಕಷ್ಟ.

ಯಾವ ಚೌಕಕ್ಕೆ ಟಿಕ್ ಹಾಕಿದರೂ ಇನ್ನೊಂದನ್ನು ಪೂರ್ತಿ ಮರೆಯುವ ಹಾಗಿಲ್ಲ. ಪರೀಕ್ಷೆಗಳೂ ಇದನ್ನೇ ಹೇಳುತ್ತವೆ. ಅಮೆರಿಕದಲ್ಲಿ ಅಕೌಂಟೆಂಟ್ ಪರವಾನಗಿಗೆ ಬರೆಯುವ ಸಿಪಿಎ ಪರೀಕ್ಷೆಯನ್ನು 2024ರಲ್ಲಿ ಬದಲಿಸಿದಾಗ ಆಡಿಟ್, ಹಣಕಾಸು ಲೆಕ್ಕ, ತೆರಿಗೆ ಮೂರನ್ನೂ ಎಲ್ಲರಿಗೂ ಕಡ್ಡಾಯವಾಗಿಯೇ ಉಳಿಸಿಕೊಂಡು, ನಾಲ್ಕನೆಯದನ್ನು ಮಾತ್ರ ಆಯ್ಕೆಗೆ ಬಿಟ್ಟರು.

ಟಿಕ್ ಹಾಕುವ ಮುನ್ನ ಒಂದು ಸಂಜೆ

ಷೇರುಪೇಟೆಯಲ್ಲಿರುವ ಯಾವುದಾದರೂ ದೊಡ್ಡ ಕಂಪನಿಯ ವಾರ್ಷಿಕ ವರದಿ ಇಳಿಸಿಕೊಳ್ಳಿ. ಪುಕ್ಕಟೆ ಸಿಗುತ್ತದೆ. ಬಣ್ಣದ ಫೋಟೊಗಳನ್ನು ದಾಟಿ ಆಡಿಟರ್ ವರದಿಗೆ ಹೋಗಿ. ಅದರಲ್ಲಿ ಪ್ರಮುಖ ಆಡಿಟ್ ವಿಷಯಗಳು ಎಂಬ ಭಾಗವಿರುತ್ತದೆ. ಆ ವರ್ಷ ಆಡಿಟರ್ ಹೆಚ್ಚು ತಲೆಕೆಡಿಸಿಕೊಂಡದ್ದು ಯಾವುದಕ್ಕೆ, ಅದಕ್ಕೆ ಏನು ಮಾಡಿದರು ಅಂತ ಅಲ್ಲಿ ಬರೆದಿರುತ್ತಾರೆ. ಆಮೇಲೆ ಕೊನೆಯ ಟಿಪ್ಪಣಿಗಳಲ್ಲಿ ಆದಾಯ ತೆರಿಗೆಯದನ್ನು ಹುಡುಕಿ. ಕಾನೂನಿನ ದರ ಶೇ 25 ಇದ್ದರೂ ಕಂಪನಿಗೆ ಬಿದ್ದದ್ದು ಶೇ 19 ಅಥವಾ ಶೇ 31 ಯಾಕೆ ಅಂತ ಸಾಲುಸಾಲಾಗಿ ತೋರಿಸುವ ಒಂದು ಪುಟ್ಟ ಕೋಷ್ಟಕ ಅಲ್ಲಿರುತ್ತದೆ. ಮೊದಲ ಸಲ ಎರಡೂ ಅರ್ಧಂಬರ್ಧ ಅರ್ಥವಾಗುತ್ತವೆ, ಪರವಾಗಿಲ್ಲ. ಅರ್ಥವಾಗದ ಸಾಲುಗಳ ಪಕ್ಕ ಪೆನ್ಸಿಲಿನಲ್ಲಿ ಪ್ರಶ್ನೆ ಬರೆಯುತ್ತಾ ಹೋಗಿ. ಸಂದರ್ಶನಕ್ಕೆ ಹೋಗುವಾಗ ಆ ಹಾಳೆಗಳನ್ನು ಜೊತೆಗೇ ಒಯ್ಯಿರಿ. ನಿಮಗೇನಾದರೂ ಕೇಳುವುದಿದೆಯಾ ಅಂತ ಅವರು ಕೊನೆಯಲ್ಲಿ ಕೇಳೇ ಕೇಳುತ್ತಾರೆ.